ಹಾರ್ಟ್ ಆಪರೇಷನ್ ಆದ ಮಗನ್ನ ಓಡೋಕೆ ಬಿಡ್ಬೋದಾ? ನಿಮ್ಮ ಅನುಭವ ಹೇಳಿ

ಮಗನಿಗೆ ಈಗ 9. ಹುಟ್ಟಿದಾಗ್ಲೇ ಫ್ಯಾಲೋಟ್ ಟೆಟ್ರಾಲಜಿ (ಹಾರ್ಟಲ್ಲಿ ನಾಲ್ಕು ದೋಷ ಒಟ್ಟಿಗೆ) ಇತ್ತು, ವರ್ಷ ತುಂಬೋಕೆ ಮುಂಚೆ ಆಪರೇಷನ್ ಆಯ್ತು, ಈಗ ಚೆನ್ನಾಗೇ ಇದಾನೆ. ಆದ್ರೂ ಭಯಕ್ಕೆ ಆಟದ ಪೀರಿಯಡ್ ಬೇಡ ಅಂತ ಸ್ಕೂಲಿಗೆ ನಾನೇ ಬರ್ಕೊಟ್ಟಿದೀನಿ. ಮೊನ್ನೆ "ಎಲ್ರ ವಾಟರ್ ಬಾಟಲ್ ಕಾಯೋದು ನಾನೇ ಅಮ್ಮ" ಅಂದ, ಅವತ್ತಿಂದ ನಿದ್ದೆ ಇಲ್ಲ. ಹಾರ್ಟ್ ಪ್ರಾಬ್ಲಮ್ ಇರೋ ಮಕ್ಕಳ ಅಪ್ಪ ಅಮ್ಮ ಯಾರಾದ್ರೂ ಇದ್ರೆ ಎಷ್ಟು ಬಿಡ್ತೀರ ಹೇಳಿ ಪ್ಲೀಸ್.

—

ನಮ್ಮ ಮಗಳದ್ದೂ ಇದೇ ಕೇಸು, ಈಗ 12. ನಾವೂ ಹಂಗೇ ಕೂರಿಸ್ಕೊಂಡಿದ್ವಿ, ಒಂದಿನ ಚೆಕಪ್‌ನಲ್ಲಿ ಡಾಕ್ಟ್ರು "ಇವಳಿಗೆ ಓಡ್ಬೇಡ ಅಂದೋರು ಯಾರು" ಅಂತ ಕೇಳಿದ್ರು ನೋಡಿ, ಉತ್ತರ ಇರ್ಲಿಲ್ಲ, ಯಾಕಂದ್ರೆ ಯಾರೂ ಅಂದಿರ್ಲಿಲ್ಲ, ನಾವೇ ಅನ್ಕೊಂಡಿದ್ದು. ಆಮೇಲೆ ಸೈಕಲ್ ಟೆಸ್ಟ್ ಮಾಡಿದ್ರು, ಬಾಯಿಗೆ ಮಾಸ್ಕು, ಎದೆಗೆಲ್ಲ ವೈರು, ಹೋಗ್ತಾ ಹೋಗ್ತಾ ಪೆಡಲ್ ಭಾರ ಆಗುತ್ತೆ, ಆಕ್ಸಿಜನ್ ಎಷ್ಟು ಬಳಸ್ತಾಳೆ ಅಂತ ಅಳೀತಾರೆ. ನಾನು ಪೂರ್ತಿ ಸ್ಕ್ರೀನನ್ನೇ ನೋಡ್ತಾ ಕೂತಿದ್ದೆ, ಅವಳು "ಕಾಲು ನೋಯ್ತಿದೆ" ಅಂತ ನಿಲ್ಲಿಸಿದ್ಲು. ಕಾಲು! ಎದೆ ಅಲ್ಲ. ಹಾರ್ಟ್‌ಗಿಂತ ಮುಂಚೆ ಬಳಸ್ದೇ ಇರೋ ಸ್ನಾಯು ಸೋತಿತ್ತು.

ಹಾಗಂತ ಎಲ್ಲ ಸರಿ ಇದೆ ಅಂತಲ್ಲ, ಈ ರಿಪೇರಿ ಆದ್ಮೇಲೆ ಶ್ವಾಸಕೋಶದ ಕಡೆ ವಾಲ್ವ್ ಲೀಕ್ ಆಗೋದು ಕಾಮನ್ನು, ಬಲಗಡೆ ಕುಹರ (ಹಾರ್ಟಲ್ಲಿ ರಕ್ತ ಪಂಪ್ ಮಾಡೋ ಕೋಣೆ) ದೊಡ್ಡದಾಗ್ತಾ ಹೋಗ್ಬೋದು, ಅದಕ್ಕೇ ಎಕೋ, ಎಂಆರ್‌ಐ ಸ್ಕ್ಯಾನ್ ತಪ್ಪಿಸಬಾರದು. ನಾವು ದಿನಾ 10 ನಿಮಿಷ ಜೋರು ನಡಿಗೆಯಿಂದ ಶುರು ಮಾಡಿದ್ವಿ. ಫಿಸಿಯೋ ಹೇಳಿಕೊಟ್ಟ ಲೆಕ್ಕ ಏನಂದ್ರೆ ಮಾತಾಡೋಕಾಗ್ಬೇಕು, ಹಾಡೋಕಾಗ್ಬಾರ್ದು, ಅಷ್ಟು ಸ್ಪೀಡ್ ಸಾಕು.

ಇನ್ನೊಂದು ವಿಷ್ಯ. ಜೀವನ ಹೇಗಿದೆ ಅಂತ ಒಂದು ಫಾರ್ಮ್ ತುಂಬಿಸ್ತಾರೆ, ಪೆಡ್ಸ್‌ಕ್ಯೂಎಲ್ ಅಂತ, ಮಗುಗೆ ಬೇರೆ ನಮಗೆ ಬೇರೆ. ಅವಳ ಫಾರ್ಮ್‌ಗಿಂತ ನನ್ನದ್ರಲ್ಲೇ ಅವಳಿಗೆ ಜಾಸ್ತಿ ಕಷ್ಟ ಇತ್ತು. ಅವಳು ದೊಡ್ಡದಾಗಿ ಟಿಕ್ ಹಾಕಿದ್ದು ಒಂದೇ, ಬೇರೆ ಮಕ್ಕಳು ಮಾಡೋದು ನಂಗೆ ಮಾಡೋಕಾಗಲ್ಲ ಅನ್ನೋದಕ್ಕೆ.

—

ನಮ್ಮ ಹುಡುಗನಿಗೆ ಒಂದೇ ಕುಹರ, ಫಾಂಟನ್ ಅನ್ನೋ ಆಪರೇಷನ್ ಆಗಿದೆ, ಹಾಗಾಗಿ ಮೇಲಿನವರ ಲೆಕ್ಕ ನಮಗೆ ಪೂರ್ತಿ ಸೆಟ್ ಆಗಲ್ಲ. ಇದ್ರಲ್ಲಿ ಶ್ವಾಸಕೋಶಕ್ಕೆ ರಕ್ತ ತಳ್ಳೋ ಪಂಪೇ ಇಲ್ಲ, ತಾನಾಗೇ ಹರೀಬೇಕು, ಉಸಿರು ಮತ್ತೆ ಕಾಲಿನ ಸ್ನಾಯು ಅದನ್ನ ತಳ್ತಾವೆ, ಅದಕ್ಕೇ ಮೀನಖಂಡ ತೊಡೆ ಗಟ್ಟಿ ಮಾಡಿ ಅಂತ ಮೆಟ್ಟಿಲು, ಸೈಕಲ್ ಹೇಳಿದಾರೆ. ಓಟದಲ್ಲಿ ಹಿಂದೇನೇ ಉಳೀತಾನೆ, ಪರವಾಗಿಲ್ಲ. ರಕ್ತ ತೆಳು ಮಾಡೋ ಮಾತ್ರೆ ಇರೋದ್ರಿಂದ ಡಿಕ್ಕಿ ಹೊಡೆಯೋ ಆಟ ಬೇಡ, ಉಸಿರು ಕಟ್ಟಿ ಭಾರ ಎತ್ತೋದೂ ಬೇಡ. ಟೀಚರ್‌ಗೆ ಒಂದೇ ಮಾತು ಹೇಳಿದೀನಿ, ಅವನು ಕೂತ್ರೆ ಕೂರ್ಲಿ, ಎಬ್ಬಿಸ್ಬೇಡಿ.

—

ನಾನೂ ಆ ಬಾಟಲ್ ಕಾಯೋ ಮಗು ಥರಾನೇ ಇದ್ದೆ, ಈಗ 27. ನನಗೆ ಸ್ಕೋರ್ ಬರೆಯೋ ಕೆಲ್ಸ ಕೊಟ್ಟಿದ್ರು, ಅಕ್ಷರ ಮಾತ್ರ ಚೆನ್ನಾಗಾಯ್ತು 😄 ಎಲ್ರೂ ಅಮೆರಿಕದ ಆಟಗಾರ ಶಾನ್ ವೈಟ್ ಹೆಸ್ರು ಹೇಳ್ತಾರೆ, ಅವನಿಗೂ ಫ್ಯಾಲೋಟೇ, 2006, 2010, 2018ರಲ್ಲಿ ಸ್ನೋಬೋರ್ಡಿಂಗ್‌ನಲ್ಲಿ ಒಲಿಂಪಿಕ್ ಚಿನ್ನ. ನಿಜ ಹೇಳ್ಬೇಕಂದ್ರೆ ಅದ್ರಿಂದ ನಂಗೇನೂ ಆಗ್ಲಿಲ್ಲ, ನಂಗೆ ಬೇಕಿದ್ದಿದ್ದು ಮೂರನೇ ಮಹಡಿಗೆ ಏದುಸಿರು ಬಿಡ್ದೆ ಹತ್ತೋದಷ್ಟೇ, ಅದು 22ಕ್ಕೆ ಶುರು ಮಾಡ್ದೆ.

—

ಒಂದು ಎಚ್ಚರಿಕೆ, ಇದು ಎಲ್ಲ ಹಾರ್ಟಿಗೂ ಅಲ್ಲ. ನಮ್ಮ ಮಗಳಿಗೆ ಅಯೋರ್ಟಿಕ್ ವಾಲ್ವ್ (ಹಾರ್ಟಿಂದ ಮೈಗೆಲ್ಲ ರಕ್ತ ಹೋಗೋ ಬಾಗಿಲು) ತುಂಬಾ ಕಿರಿದಾಗಿದೆ, ನಮಗೆ ಸದ್ಯಕ್ಕೆ ರೇಸ್ ಬೇಡ ಅಂತಲೇ ಹೇಳಿದಾರೆ. ಓಡೋವಾಗ ತಲೆ ಸುತ್ತಿ ಬೀಳೋದು, ಎದೆ ನೋವು, ಸುಮ್ಸುಮ್ನೆ ಎದೆ ಡಬಡಬ ಅನ್ನೋದು ಇದ್ರೆ ಅಲ್ಲೇ ನಿಲ್ಸಿ ಡಾಕ್ಟ್ರಿಗೆ ತೋರ್ಸಿ. ಏನು ಆಡ್ಬೋದು ಏನು ಬೇಡ ಅಂತ ಬರವಣಿಗೆಯಲ್ಲೇ ಇಸ್ಕೊಳ್ಳಿ.

—

ಎಲ್ರಿಗೂ ಥ್ಯಾಂಕ್ಸ್. ಮುಂದಿನ ಚೆಕಪ್‌ಗೆ ಸೈಕಲ್ ಟೆಸ್ಟ್ ಕೇಳ್ತೀನಿ, ಅವರು ಹೂಂ ಅಂದ್ರೆ ಲೆಟರ್ ವಾಪಸ್. ಏನು ಆಡ್ತೀಯೋ ಅಂತ ಮಗನ್ನೇ ಕೇಳಿದೆ, ಮುಟ್ಟಾಟ ಸಾಕಂತೆ, ಆದ್ರೆ ನೀನು ಬಂದು ನೋಡ್ತಾ ನಿಂತ್ಕೋಬೇಡ ಅಂದ.