ಮಗನಿಗೆ ದೋಜಖ್‌ನ (ನರಕದ) ಹೆದರಿಕೆ ಕೂತಿದೆ, ನಿಮ್ಮ ಮನೆಯಲ್ಲಿ ಹೇಗೆ ಹೇಳಿದ್ದೀರಿ?

ಪ್ರಶ್ನೆ: ಒಬ್ಬ ತಾಯಿ, ವಿಜಯಪುರ

ಎಲ್ಲರಿಗೂ ಸಲಾಮ್, ನಮಸ್ಕಾರ. ನನ್ನ ಮಗನಿಗೆ 9 ವರ್ಷ. ಬೆಕ್ಕನ್ನು ಕೂಡಿಹಾಕಿ ಉಪವಾಸ ಕೊಂದ ಹೆಂಗಸು ದೋಜಖ್‌ಗೆ ಹೋದಳು ಅನ್ನೋ ಹದೀಸನ್ನು (ಪ್ರವಾದಿಯವರ ಮಾತನ್ನು) ಯಾರೋ ಹಿರಿಯರು ಹೇಳಿದ್ದಾರೆ. ಇವನು ಬೇಸಿಗೆಯಲ್ಲಿ ಓಣಿಯ ಬೆಕ್ಕಿಗೆ ಕಲ್ಲು ಹೊಡೆದಿದ್ದ. ಈಗ ನಡುರಾತ್ರಿ ಎದ್ದು ಕೂತು, "ಅಮ್ಮಿ, ನನ್ನ ಬೆಂಕ್ಯಾಗ ಹಾಕ್ತಾರೇನು?" ಅಂತಾನೆ. ಇಲ್ಲ ಅಂದರೆ ಹದೀಸ್ ಸುಳ್ಳು ಅಂದಂಗ, ಹೌದು ಅನ್ನಲಿಕ್ಕೆ ಬಾಯಿ ಬರೋದಿಲ್ಲ. ಮಕ್ಕಳಿಗೆ ಇದನ್ನು ತಿಳಿಸಿದವರು ದಯವಿಟ್ಟು ಬರೀರಿ.

ಉತ್ತರ: ಮಕ್ಕಳಿಗೆ ಕುರಾನ್ ಕಲಿಸುವ ಮಕ್ತಬ್‌ನಲ್ಲಿ ಓದಿಸುವವಳು, ಇಳಕಲ್

ತಂಗಿ, ಇವತ್ತು ರಾತ್ರಿನೇ ಅವನಿಗೆ ಒಂದು ಮಾತು ಹೇಳು: ನಿನ್ನ ಲೆಕ್ಕ ಇನ್ನೂ ಶುರುವಾಗಿಲ್ಲ. ಮೂವರ ಮೇಲಿಂದ ಕಲಮು ಎತ್ತಿದೆ ಅಂತ ಹದೀಸಿದೆ. ಮಲಗಿದವನು ಏಳೋತನಕ, ಮಗು ಪ್ರಾಯಕ್ಕೆ ಬರೋತನಕ, ಬುದ್ಧಿ ಕಳಕೊಂಡವನಿಗೆ ಬುದ್ಧಿ ತಿರುಗೋತನಕ. 9 ವರ್ಷದ ಹುಡುಗನ ಗುನಾಹ್ (ಪಾಪ) ಯಾರೂ ಬರೆಯುತ್ತಿಲ್ಲ. ನೀನು ಸುಳ್ಳು ಹೇಳುವ ಪ್ರಶ್ನೆಯೇ ಇಲ್ಲ.

ಬೆಕ್ಕಿನ ಹದೀಸೂ ನಿಜವೇ, ಬುಖಾರಿ ಅನ್ನೋ ಹದೀಸ್ ಸಂಗ್ರಹದಲ್ಲಿದೆ. ಆದರೆ ಆ ಹೆಂಗಸಿನ ತಪ್ಪೇನು ಅಂತ ಅದರಲ್ಲೇ ಇದೆ ನೋಡು: ತಾನೂ ತಿನ್ನಿಸಲಿಲ್ಲ, ತಿರುಗಾಡಿ ಹುಳಹುಪ್ಪಟೆ ತಿಂದು ಬದುಕಲಿ ಅಂತ ಬಿಡಲೂ ಇಲ್ಲ. ಕೈಗೆ ಸಿಕ್ಕ ಅಸಹಾಯಕ ಜೀವದ ಮೇಲೆ ಮಾಡಿದ ದಬ್ಬಾಳಿಕೆಗೆ ಆ ಸಜೆ. ಅದೇ ಬುಖಾರಿಯಲ್ಲಿ ನಾಯಿಯ ಹದೀಸೂ ಇದೆ, ಅದನ್ನು ಮಕ್ಕಳಿಗೆ ಹೇಳುವವರು ಕಡಿಮೆ. ಬಾಯಾರಿಕೆಗೆ ಹಸಿಮಣ್ಣು ನೆಕ್ಕುತ್ತಿದ್ದ ನಾಯಿಯನ್ನು ಕಂಡ ದಾರಿಹೋಕ ಬಾವಿಗಿಳಿದ. ತನ್ನ ಚರ್ಮದ ಮೋಜಾದಲ್ಲಿ ನೀರು ತುಂಬಿಸಿ, ಹತ್ತಲಿಕ್ಕೆ ಎರಡೂ ಕೈ ಬೇಕಲ್ಲ, ಅದನ್ನು ಬಾಯಲ್ಲಿ ಕಚ್ಚಿಕೊಂಡು ಮೇಲೆ ಬಂದು ಕುಡಿಸಿದ. ಅವನ ಗುನಾಹ್ ಮಾಫ್ ಆಯಿತು. ನಿನ್ನ ಮಗನ ಕೈಯಿಂದ ಒಂದು ಬಟ್ಟಲು ನೀರು ಕಟ್ಟೆ ಮೇಲೆ ಇಡಿಸು. ಬೆಕ್ಕು ಬಂದು ಕುಡಿಯೋದನ್ನು ಅವನೇ ನೋಡಲಿ.

ಇದನ್ನು ನಾನು ತಡವಾಗಿ ಕಲಿತೆ. ಮೊದಲ ಎರಡು ವರ್ಷ ದೋಜಖ್‌ನ ಝಕ್ಕೂಮ್ ಮರ, ಕುದಿಯುವ ನೀರು, ಏಳು ಬಾಗಿಲು, ಎಲ್ಲಾ ಬಣ್ಣ ಕಟ್ಟಿ ಹೇಳುತ್ತಿದ್ದೆ. ಮಕ್ಕಳು ಒಳ್ಳೆಯವರಾಗಲಿಲ್ಲ, ತಪ್ಪು ಮುಚ್ಚಿಡಲಿಕ್ಕೆ ಕಲಿತರು. ಒಬ್ಬಳು ಗೆಳತಿಯ ಪೆನ್ನು ತೆಗೆದುಕೊಂಡಿದ್ದಳು. ವಾಪಸ್ ಕೊಟ್ಟರೆ ಕದ್ದದ್ದು ಗೊತ್ತಾಗ್ತದೆ ಅಂತ ಅದನ್ನು ಮುರಿದು ಗಟಾರಕ್ಕೆ ಎಸೆದಳು. ಹೆದರಿಕೆಯ ಕೆಲಸ ಅದು. ಆವತ್ತಿನಿಂದ ಮೊದಲು ರಹಮತ್‌ನ ಪಾಠ, ಅಂದರೆ ಕರುಣೆಯ ಪಾಠ ಇಟ್ಟೆ. ಒಂದು ಹದೀಸಿದೆ: ಸೆರೆಸಿಕ್ಕವರಲ್ಲಿದ್ದ ಒಬ್ಬ ತಾಯಿ ಕಳೆದ ಕೂಸಿಗಾಗಿ ಹುಡುಕಾಡಿ, ಸಿಕ್ಕೊಡನೆ ಎದೆಗವಚಿ ಹಾಲು ಕುಡಿಸಿದಳು. ಪ್ರವಾದಿಯವರು ಜೊತೆಗಿದ್ದವರನ್ನು ಕೇಳಿದರು: ಇವಳು ಈ ಕೂಸನ್ನು ಬೆಂಕಿಗೆ ಎಸೆದಾಳೇ? ಇಲ್ಲ ಅಂದರು. ಈ ತಾಯಿಗಿಂತ ಅಲ್ಲಾಹನಿಗೆ ತನ್ನ ದಾಸರ ಮೇಲೆ ಹೆಚ್ಚು ಕರುಣೆ ಅಂದರು ಪ್ರವಾದಿಯವರು. ಇದನ್ನು ಮಗನನ್ನು ತೊಡೆ ಮೇಲೆ ಹಾಕಿಕೊಂಡೇ ಹೇಳು.

ಉತ್ತರ: ಮೂರು ಮಕ್ಕಳ ತಂದೆ, ಬೆಳಗಾವಿ

ಅಕ್ಕಾರು ಹೇಳಿದ್ದು ಒಪ್ಪಿದೆ. ಆದರೆ ದೋಜಖ್‌ನ ಮಾತನ್ನೇ ಮನೆಯಿಂದ ತೆಗೆದುಹಾಕಬೇಡಿ. ಕುರಾನಿನ ಸೂರಾ (ಅಧ್ಯಾಯ) ಮುದ್ದಸ್ಸಿರ್‌ನಲ್ಲಿ ಸಕರ್ ಅನ್ನೋ ದೋಜಖ್‌ಗೆ ಬಿದ್ದವರನ್ನು, ನೀವು ಇಲ್ಲಿಗೆ ಹೇಗೆ ಬಂದಿರಿ ಅಂತ ಕೇಳ್ತಾರೆ. ನಾವು ನಮಾಜು ಮಾಡಲಿಲ್ಲ, ಬಡವರಿಗೆ ಉಣಿಸಲಿಲ್ಲ ಅಂತಾರೆ. ಹಸಿದವನ ಪರವಾಗಿ ಒಂದು ದಿನ ಕೇಳುವವನೊಬ್ಬ ಇದ್ದಾನೆ ಅನ್ನೋದು ನನ್ನ ಮಕ್ಕಳಿಗೆ ಧೈರ್ಯ ಕೊಟ್ಟಿದೆ.

ಉತ್ತರ: ಒಣದ್ರಾಕ್ಷಿ ವ್ಯಾಪಾರದವ, ವಿಜಯಪುರ

ಮಗನದು ಬಿಡ್ರಿ, ಲೆಕ್ಕ ಶುರುವಾದ ನಮ್ಮಂಥವರದು ಹೇಳ್ತೀನಿ. ದಿವಾಳಿ ಎದ್ದವ ಯಾರು ಅಂತ ಪ್ರವಾದಿಯವರು ಕೇಳಿದ ಹದೀಸ್ ಮುಸ್ಲಿಮ್ ಸಂಗ್ರಹದಾಗ ಅದ. ಜೊತೆಗಿದ್ದವರು ರೊಕ್ಕ ಇಲ್ಲದವ ಅಂದ್ರು. ಪ್ರವಾದಿಯವರು ಅಂದ್ರು: ಅಲ್ಲ, ನಮಾಜು, ರೋಜಾ (ಉಪವಾಸ), ಝಕಾತ್ (ಕಡ್ಡಾಯ ದಾನ) ಹೊತ್ತುಕೊಂಡು ಬಂದರೂ ಒಬ್ಬನಿಗೆ ಬೈದು, ಇನ್ನೊಬ್ಬನ ರೊಕ್ಕ ತಿಂದು, ಮತ್ತೊಬ್ಬನ್ನ ಹೊಡೆದು ಬಂದವ. ಅವನ ಪುಣ್ಯ ಎಲ್ಲಾ ಅವರಿಗೆ ಹಂಚಿ ಹೋಗ್ತದ. ಅದು ತೀರಿದ ಮ್ಯಾಲೆ ಅವರ ಪಾಪ ಇವನ ತಲಿ ಮ್ಯಾಲೆ ಬೀಳ್ತದ.

ನಮ್ಮ ಅಬ್ಬಾ ಹಾಸಿಗೆ ಹಿಡಿದಾಗ ನನ್ನ ಕರೆದು ಹಳೇ ಲೆಕ್ಕದ ವಹಿ ತರಿಸಿದರು. ಒಬ್ಬ ರೈತನ ಹೆಸರಿನ ಮ್ಯಾಲೆ ಬೆರಳಿಟ್ಟು, "ಇವನ ಮಾಲು ತೂಗುವಾಗ ಚೀಲಕ್ಕ ಒಂದು ಕಿಲೋ ಹೆಚ್ಚು ಮುರಿದೀನಿ. ಅಲ್ಲಿ ಅವಗ ನನ್ನ ನಮಾಜು ಕೊಡಬೇಕಾಗ್ತದ. ಇಲ್ಲೇ ರೊಕ್ಕ ಕೊಟ್ಟು ಬಾ" ಅಂದ್ರು. ತೂಕದಾಗ ಮೋಸ ಮಾಡುವವರ ಹೆಸರಿನ ಮ್ಯಾಲೇ ಕುರಾನಿನಾಗ ಒಂದು ಸೂರಾ ಅದ, ಮುತಫ್ಫಿಫೀನ್. ಅಬ್ಬಾ ಅದನ್ನ ಪ್ರತಿ ವಾರ ಓದ್ತಿದ್ರು. ಯಾಕಂತ ನನಗ ಆವತ್ತು ತಿಳೀತು.

4,300 ರೂಪಾಯಿ ತಗೊಂಡು ತಿಕೋಟಾ ಕಡೆ ಆ ಹಳ್ಳಿಗೆ ಹೋದೆ. ರೈತ ತೀರಿಕೊಂಡು ಎರಡು ವರ್ಷ ಆಗಿತ್ತು. ಅವನ ಹೆಂಡತಿ ಪಡಸಾಲ್ಯಾಗ ಕೂತು ಎಲ್ಲಾ ಕೇಳಿದಳು. ನೋಟು ಎಣಿಸಿ ಸೆರಗಿನ ತುದಿಗೆ ಕಟ್ಟಿಕೊಂಡು ಮಜ್ಜಿಗಿ ಕೊಟ್ಟಳು. "ಆ ವರ್ಷ ಇವು ಇದ್ದಿದ್ರ ಮಗಳ ಫೀ ತುಂಬಲಿಕ್ಕೆ ಸಾಲ ಮಾಡ್ತಿರಲಿಲ್ಲಪ್ಪಾ" ಅಂದಳು. ಮಾಫ್ ಮಾಡೀನಿ ಅನ್ನಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ, ಅದು ಅಕಿ ಹಕ್ಕು.

ಮನೀಗೆ ಬಂದ ಕೂಡಲೆ ಅಬ್ಬಾ "ಏನಂದಳು?" ಅಂತ ಕೇಳಿದ್ರು. ಇದ್ದದ್ದು ಇದ್ದಂಗ ಹೇಳಿದೆ. ಭಾಳ ಹೊತ್ತು ಗೋಡೆ ಕಡೆ ಮಾರಿ ಮಾಡಿ ಮಲಗಿದ್ರು. ಆಮ್ಯಾಲೆ, "ವಹಿ ತೆಗಿ, ಮುಂದಿನ ಹೆಸರು ಓದು" ಅಂದ್ರು.