ಆರೋಗ್ಯ ವಿಜ್ಞಾನ ಓದಲು ಬೆಂಗಳೂರಿಗೆ ಬರುವ ಮಕ್ಕಳಿಗೆ ಎಷ್ಟು ಕನ್ನಡ ಬೇಕು?

ಎಲ್ಲರಿಗೂ ನಮಸ್ಕಾರ. ಮಗಳನ್ನು ಆರೋಗ್ಯ ವಿಜ್ಞಾನ ಓದಲು ಬೆಂಗಳೂರಿಗೆ ಕಳುಹಿಸಬಹುದೇ, ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯುವುದರಿಂದ ಅವಳ ಅರೆಬರೆ ಕನ್ನಡ ಸಾಕಾಗುವುದೇ ಎಂದು ಹೊರದೇಶದಲ್ಲಿರುವ ನಮ್ಮ ಗುಂಪಿನ ಸೋದರಿಯೊಬ್ಬರು ಕೇಳಿದ್ದಾರೆ. ಹದಿನಾರು ವರ್ಷ ಹೊರದೇಶದಲ್ಲಿದ್ದು ಜಯನಗರಕ್ಕೆ ಮರಳಿದ ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಎದ್ದಿತ್ತು. ನಮ್ಮ ಮಗಳು ಈಗ ಇಲ್ಲಿ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದಾಳೆ.

ಖಂಡಿತ ಕಳುಹಿಸಿ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇಲ್ಲಿದೆ, ಚಿಕಿತ್ಸೆ, ಬೋಧನೆ, ಸಂಶೋಧನೆ ಮೂರೂ ಒಂದೇ ಆವರಣದಲ್ಲಿ ನಡೆಯುವ, ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನದ ಸಂಸ್ಥೆಯಾದ ನಿಮ್ಹಾನ್ಸ್ ಇದೆ. ಆದರೆ ಕಾಗದಪತ್ರಗಳನ್ನು ಮೊದಲೇ ನೋಡಿಕೊಳ್ಳಿ. ಎಂಬಿಬಿಎಸ್‌ಗೆ ನೀಟ್ ಪ್ರವೇಶ ಪರೀಕ್ಷೆ ಬರೆಯಲೇಬೇಕು. ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇರುವವರು ಸಂಶೋಧನೆ ಕೈಗೊಳ್ಳಲು ವಿಶೇಷ ಅನುಮತಿ ಪಡೆಯಬೇಕೆಂದು 2021ರ ಮಾರ್ಚ್ ತಿಂಗಳ ಕೇಂದ್ರ ಸರ್ಕಾರದ ಅಧಿಸೂಚನೆ ಹೇಳುತ್ತದೆ. ಪ್ರವೇಶ ಸಿಕ್ಕ ಮೇಲೆ ಓಡಾಡುವ ಬದಲು ಅಲ್ಲಿಂದಲೇ ವಿಚಾರಿಸುವುದು ಒಳ್ಳೆಯದು.

ಇನ್ನು ಕನ್ನಡದ ಮಾತು. ತರಗತಿಯಲ್ಲಿ ಅದರ ಕೊರತೆ ಕಾಣುವುದಿಲ್ಲ, ಹೊರರೋಗಿ ವಿಭಾಗದ ಬೆಂಚಿನ ಮುಂದೆ ನಿಂತಾಗ ಕಾಣುತ್ತದೆ. ಸಂಶೋಧನೆಗೆ ಒಳಪಡುವವರಿಗೆ ಅವರಿಗೆ ತಿಳಿಯುವ ಭಾಷೆಯಲ್ಲಿ ವಿಷಯವನ್ನು ವಿವರಿಸಿ, ಒಪ್ಪಿಗೆ ಪಡೆದ ಮೇಲೆಯೇ ಮುಂದುವರಿಯಬೇಕು; ಓದುಬರಹ ಬಾರದವರಾದರೆ ನಿಷ್ಪಕ್ಷಪಾತಿಯಾದ ಒಬ್ಬ ಸಾಕ್ಷಿ ಎದುರಿಗಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟವಾಗಿದೆ. ಮಗಳು ಮೊದಲ ಬಾರಿ ಒಪ್ಪಿಗೆ ಪತ್ರ ಓದಿದ್ದು ಮಾಲೂರಿನ ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿಗೆ. ‘ನಿಮ್ಮನ್ನು ಯಾದೃಚ್ಛಿಕವಾಗಿ ಒಂದು ಗುಂಪಿಗೆ ಸೇರಿಸಲಾಗುವುದು’ ಎಂಬ ಸಾಲಿಗೆ ಬಂದಾಗ ಅಜ್ಜಿ, “ಹಂಗಂದ್ರೆ ಏನವ್ವಾ?” ಎಂದರು. ಅಕ್ಷರ ಕೂಡಿಸಿ ಓದಿದ್ದ ಮಗಳಿಗೂ ಆ ಪದದ ಅರ್ಥ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ನರ್ಸಮ್ಮನವರು, “ಚೀಟಿ ಎತ್ತಿದ ಹಾಗೆ ಅಜ್ಜಿ. ಯಾವ ಗುಂಪು ಅಂತ ಡಾಕ್ಟ್ರೂ ಆರಿಸಲ್ಲ, ನಾವೂ ಆರಿಸಲ್ಲ. ಬೇಡ ಅಂದ್ರೂ ನಿಮ್ಮ ಮಾತ್ರೆ ನಿಲ್ಲಲ್ಲ” ಎಂದು ವಿವರಿಸಿದರು. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, ತಮ್ಮ ಮಗನನ್ನೂ ಕೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿದರು. ಪತ್ರದಲ್ಲಿದ್ದ ಕನ್ನಡ ತಪ್ಪಲ್ಲ, ಆದರೆ ಆ ಒಪ್ಪಿಗೆಗೆ ಅರ್ಥ ಬಂದದ್ದು ‘ಚೀಟಿ’ ಎಂಬ ಮಾತಿನಿಂದ ಎಂದು ನಾನು ನಂಬಿದ್ದೇನೆ.

ರೋಗಿಗಳು ‘ಸುಸ್ತು’, ‘ಸಂಕಟ’, ‘ಜೋಮು’, ‘ತಲೆ ಧಿಮ್ಮೆನ್ನುತ್ತದೆ’ ಎನ್ನುತ್ತಾರೆ. ಇವುಗಳಲ್ಲಿ ಒಂದನ್ನು ತಪ್ಪಾಗಿ ಗುರುತಿಸಿಕೊಂಡರೂ ಪ್ರಶ್ನಾವಳಿಯಲ್ಲಿ ತಪ್ಪು ಉತ್ತರವೇ ದಾಖಲಾಗುತ್ತದೆ, ಮುಂದೆ ಎಂಥ ಲೆಕ್ಕಾಚಾರ ಮಾಡಿದರೂ ಅದು ಸರಿಹೋಗುವುದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು: ವಾರಾಂತ್ಯದ ಕನ್ನಡ ತರಗತಿಯ ಜೊತೆಗೆ, ಮಕ್ಕಳಿಗೆ ಜ್ವರ ಬಂದಾಗ, ಹೊಟ್ಟೆ ನೋವಾದಾಗ ಕನ್ನಡದಲ್ಲೇ ಕೇಳಿ, ಅವರಿಂದ ಕನ್ನಡದಲ್ಲೇ ಹೇಳಿಸಿ. ನಾವು ಹೊರಗಿದ್ದಾಗ ಹಾಡು, ಶ್ಲೋಕಗಳನ್ನು ಕಲಿಸಿದೆವು, ಇದನ್ನು ಮಾತ್ರ ಮರೆತೆವು. ಈಗ ಮಗಳು ಭಾನುವಾರ ತುಮಕೂರಿಗೆ ಹೋಗಿ ತನ್ನ ಅಜ್ಜಿಯ ಮಂಡಿನೋವಿನ ವಿವರವನ್ನು ಅವರದೇ ಮಾತಿನಲ್ಲಿ ಪುಸ್ತಕಕ್ಕೆ ಬರೆದುಕೊಳ್ಳುತ್ತಾಳೆ. ‘ಸೆಳೆತ’ಕ್ಕೂ ‘ಹಿಡಿತ’ಕ್ಕೂ ಏನು ವ್ಯತ್ಯಾಸವೆಂದು ಕಳೆದ ವಾರ ನನಗೇ ವಿವರಿಸಿದಳು.