ಬಾಯ್ಲರ್ ನೀರು ಕುಡಿಯುವ ನೀರಿನ ಲೈನಿಗೆ ವಾಪಸ್ ಬರದಂತೆ ತಡೆಯುವುದು ಹೇಗೆ?

ಆಲ್ಬನಿ_ಕನ್ನಡಿಗ (ಪ್ರಶ್ನೆ)
ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ಎರಡಂತಸ್ತಿನ ಹಳೆಯ ಮನೆ. ಬೇಸ್‌ಮೆಂಟಿನಲ್ಲಿ ಗ್ಯಾಸ್ ಬಾಯ್ಲರ್, ರೂಮುಗಳಲ್ಲಿ ಬೇಸ್‌ಬೋರ್ಡ್ ಹೀಟರ್, ಸ್ನಾನದ ನೀರಿಗೆ ಅದೇ ಬಾಯ್ಲರಿಗೆ ಜೋಡಿಸಿದ 40 ಗ್ಯಾಲನ್ ಇಂಡೈರೆಕ್ಟ್ ಟ್ಯಾಂಕ್. ತಣ್ಣೀರಿನ ಲೈನಿನಿಂದ ಬಾಯ್ಲರಿಗೆ ಅರ್ಧ ಇಂಚಿನ ತಾಮ್ರದ ಪೈಪ್. ಮಧ್ಯೆ ಒಂದು ಬಾಲ್ ವಾಲ್ವ್, ಬಾಯ್ಲರಿನ ಒತ್ತಡ ಇಳಿದಾಗ ತಾನಾಗಿ ನೀರು ತುಂಬುವ ಒಂದು ಫಿಲ್ ವಾಲ್ವ್, ಅಷ್ಟೆ. ಫಿಲ್ ವಾಲ್ವಿನೊಳಗೇ ಚೆಕ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಇರುತ್ತದಲ್ಲ, ಸಾಲದೆ? ಚಳಿಗೆ ಪೈಪ್ ಒಡೆಯದಿರಲಿ ಎಂದು ಬಾಯ್ಲರ್ ನೀರಿಗೆ ಗ್ಲೈಕಾಲ್ (ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವ) ಹಾಕುವ ಯೋಚನೆಯೂ ಇದೆ.

ಪೈಪ್_ಮೇಷ್ಟ್ರು
ಸಾಲದು ಸರ್. ಬೀದಿ ಲೈನಿನಲ್ಲಿ ಒತ್ತಡ 50–60 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಬಾಯ್ಲರಿನಲ್ಲಿ 12ರಿಂದ 20 ಇರುವಷ್ಟು ಹೊತ್ತು ನೀರು ಒಳಮುಖವಾಗಿಯೇ ಹರಿಯುತ್ತದೆ. ಬೀದಿಯ ಪೈಪ್ ಒಡೆದಾಗ ಅಥವಾ ಬೆಂಕಿ ಆರಿಸಲು ಹೈಡ್ರಂಟ್ ತೆರೆದಾಗ ಆ ಒತ್ತಡ ಬಾಯ್ಲರಿನದಕ್ಕಿಂತ ಕೆಳಗಿಳಿಯಬಹುದು. ಆಗ ಬಾಯ್ಲರಿನ ಕಪ್ಪು ತುಕ್ಕುನೀರು ಅಡುಗೆಮನೆ ನಲ್ಲಿಯ ಕಡೆ ಹೊರಡುತ್ತದೆ. ಒಂದೇ ಚೆಕ್ ಇದ್ದರೆ ಮರಳಿನ ಒಂದು ಕಾಳು ಅದು ಮುಚ್ಚಿಕೊಳ್ಳುವ ಸೀಟಿನಲ್ಲಿ ಕೂತರೂ ಮುಗಿಯಿತು.

ಬೇಕಿರುವುದು ಎರಡು ಚೆಕ್, ನಡುವೆ ಗಾಳಿಗೆ ತೆರೆದ ವೆಂಟ್ ಇರುವ ಬ್ಯಾಕ್‌ಫ್ಲೋ ಪ್ರಿವೆಂಟರ್ (ಹಿಮ್ಮುಖ ಹರಿವು ತಡೆಯುವ ಸಾಧನ). ಅದರ ಮೇಲೆ ಎಎಸ್‌ಎಸ್‌ಇ 1012 ಎಂಬ ಅಮೆರಿಕದ ಪ್ಲಂಬಿಂಗ್ ಮಾನದಂಡದ ಗುರುತಿರಬೇಕು. ಬೀದಿಯ ಒತ್ತಡ ಬಿದ್ದಾಗ ಬಾಯ್ಲರ್ ಕಡೆಯ ಚೆಕ್ ಸೋರಿದರೂ ನೀರು ವೆಂಟಿನಿಂದ ನೆಲಕ್ಕೆ ಬೀಳುತ್ತದೆ, ನಲ್ಲಿಗೆ ಹೋಗುವುದಿಲ್ಲ. ತಣ್ಣೀರಿನ ಕಡೆಯಿಂದ ಜೋಡಣೆಯ ಕ್ರಮ: ಬಾಲ್ ವಾಲ್ವ್, ಕಸ ಹಿಡಿಯುವ ಸ್ಟ್ರೈನರ್, ಬ್ಯಾಕ್‌ಫ್ಲೋ ಪ್ರಿವೆಂಟರ್, ಫಿಲ್ ವಾಲ್ವ್, ಕೊನೆಗೆ ಎಕ್ಸ್‌ಪ್ಯಾನ್ಷನ್ ಟ್ಯಾಂಕ್ (ಬಿಸಿಯಾಗಿ ಹಿಗ್ಗುವ ನೀರಿಗೆ ಎಡೆ ಕೊಡುವ ಟ್ಯಾಂಕ್) ಕೂರುವ ಜಾಗ. ಬಾಡಿಯ ಮೇಲಿನ ಬಾಣ ನೋಡಿ ಕೂರಿಸಿ. ವೆಂಟಿಗೆ ಪೈಪ್ ಇಳಿಸಿ, ತುದಿ ಡ್ರೈನಿಗೆ ತಾಗದಂತೆ ಮೇಲೆಯೇ ನಿಲ್ಲಿಸಿ. ಹನಿ ಬೀಳುತ್ತದೆಂದು ವೆಂಟಿಗೆ ಪ್ಲಗ್ ಹಾಕಿದವರನ್ನು ಏನೆನ್ನಲಿ! ಅಲ್ಲಿಗೆ ಆ ರಕ್ಷಣೆ ಹೋದಂತೆಯೇ.

ಹಿಮದೂರು
ಗ್ಲೈಕಾಲ್ ಹಾಕುವುದಾದರೆ ಮೇಲಿನ ಉತ್ತರ ಬದಲಾಗುತ್ತದೆ. ರಾಸಾಯನಿಕ ಸೇರಿಸಿದ ಬಾಯ್ಲರಿಗೆ 1012 ನಡೆಯುವುದಿಲ್ಲ. ಇಂಟರ್‌ನ್ಯಾಷನಲ್ ಪ್ಲಂಬಿಂಗ್ ಕೋಡ್ ಪ್ರಕಾರ ಏರ್ ಗ್ಯಾಪ್ (ನೀರು ಬರುವ ಪೈಪಿಗೂ ಬಾಯ್ಲರ್ ಕಡೆಗೂ ನಡುವೆ ಬರೀ ಗಾಳಿಯ ಅಂತರ) ಇರಬೇಕು, ಇಲ್ಲವೇ ಆರ್‌ಪಿಝಡ್ (ಎರಡು ಚೆಕ್‌ಗಳ ನಡುವೆ ಒತ್ತಡ ಕಡಿಮೆ ಇಟ್ಟು, ಸೋರಿದ್ದನ್ನು ಹೊರಕ್ಕೆ ಸುರಿಸುವ ಪ್ರಿವೆಂಟರ್), ಅಂದರೆ ಎಎಸ್‌ಎಸ್‌ಇ 1013 ಗುರುತಿನದು. ಆರ್‌ಪಿಝಡ್ ಕೆಟ್ಟಾಗ ಹನಿಯಲ್ಲ, ಧಾರೆಯಾಗಿ ಸುರಿಯುತ್ತದೆ. ಹತ್ತಿರದಲ್ಲೇ ಡ್ರೈನ್ ಇರಲಿ. ನೆಲದಿಂದ ಕನಿಷ್ಠ 12 ಇಂಚು ಮೇಲಿರಲಿ, ಗುಂಡಿಯೊಳಗೆ ಬೇಡವೇ ಬೇಡ. ಪ್ರತಿ ವರ್ಷ ಸರ್ಟಿಫೈಡ್ ಟೆಸ್ಟರ್ ಕೈಯಲ್ಲಿ ಪರೀಕ್ಷೆ ಮಾಡಿಸಬೇಕು.

ಇದಕ್ಕಿಂತ ಚೆನ್ನಾದ ದಾರಿ, ಬಾಯ್ಲರಿಗೂ ಮನೆ ನೀರಿಗೂ ಸಂಬಂಧವನ್ನೇ ಕತ್ತರಿಸುವುದು. ಸಣ್ಣ ಪಂಪಿರುವ ಫೀಡರ್ ಟ್ಯಾಂಕಿನಲ್ಲಿ ಗ್ಲೈಕಾಲ್ ಮಿಶ್ರಣ ತುಂಬಿಟ್ಟರೆ ಒತ್ತಡ ಇಳಿದಾಗ ಅದೇ ತುಂಬುತ್ತದೆ. ಇನ್ನೊಂದು ಲಾಭವಿದೆ: ನಲ್ಲಿ ನೀರಿನ ಆಟೋ ಫಿಲ್ ಇದ್ದರೆ ಎಲ್ಲೋ ಸೋರಿಕೆಯಾದಾಗ ಗ್ಲೈಕಾಲ್ ಸದ್ದಿಲ್ಲದೆ ತೆಳುವಾಗಿ, ಜನವರಿಯಲ್ಲಿ ಪೈಪ್ ಒಡೆದಾಗಲೇ ಗೊತ್ತಾಗುವುದು.

ಪ್ರೊಪಿಲೀನ್ ಗ್ಲೈಕಾಲ್, ಅದರಲ್ಲೂ ಹೀಟಿಂಗ್‌ಗೆಂದೇ ತುಕ್ಕು ತಡೆಯುವ ಇನ್‌ಹಿಬಿಟರ್ ಸೇರಿಸಿದ್ದು ಮಾತ್ರ. 40% ಮಿಶ್ರಣ ಸುಮಾರು −21° ಸೆಲ್ಸಿಯಸ್‌ವರೆಗೆ ಹೆಪ್ಪುಗಟ್ಟುವುದಿಲ್ಲ. ಕಾರಿನ ಎಥಿಲೀನ್ ಗ್ಲೈಕಾಲ್ ವಿಷ, ಮನೆಯ ಬಾಯ್ಲರಿಗೆ ಹಾಕಲೇಬಾರದು. ಚಳಿಗಾಲವಿಡೀ ಜನ ಇರುವ, ಬೆಚ್ಚಗಿರುವ ಮನೆಗೆ ಗ್ಲೈಕಾಲ್ ಯಾಕೆ ಬೇಕು ಎಂಬುದನ್ನೂ ಒಮ್ಮೆ ಯೋಚಿಸಿ ಸರ್.

ಕಾಯಿಲ್_ಕಣ್ಣು
ಎಲ್ಲರೂ ಮರೆಯುವುದು ಇಂಡೈರೆಕ್ಟ್ ಟ್ಯಾಂಕಿನ ಕಾಯಿಲನ್ನು, ಅಂದರೆ ಒಳಗೆ ಬಾಯ್ಲರ್ ನೀರು ಹರಿದು ಸ್ನಾನದ ನೀರನ್ನು ಕಾಯಿಸುವ ಸುರುಳಿ ಪೈಪನ್ನು. ಅದು ಸಾಮಾನ್ಯವಾಗಿ ಒಂದೇ ಗೋಡೆಯದು. ತೂತಾದರೆ ಮೊದಲು ಮನೆಯ ನೀರೇ ಬಾಯ್ಲರಿಗೆ ನುಗ್ಗಿ, ಒತ್ತಡ 30 ಪಿಎಸ್‌ಐ ಮುಟ್ಟಿ ರಿಲೀಫ್ ವಾಲ್ವ್ ತೊಟ್ಟಿಕ್ಕುತ್ತದೆ. ಬೀದಿ ಒತ್ತಡ ಬಿದ್ದ ದಿನ ಹರಿವು ತಿರುಗುತ್ತದೆ, ಮತ್ತು ಫಿಲ್ ಲೈನಿನ ಯಾವ ಸಾಧನವೂ ಅದನ್ನು ತಡೆಯಲಾರದು.

ಪತ್ತೆ ಹೀಗೆ: ಬಾಯ್ಲರಿನ ಒತ್ತಡ ಬರೀ ಬಿಸಿಯಾದಾಗ ಏರಿ, ತಣ್ಣಗಾದಾಗ ಇಳಿದರೆ ಎಕ್ಸ್‌ಪ್ಯಾನ್ಷನ್ ಟ್ಯಾಂಕಿನ ತೊಂದರೆ, ಅದರ ಗಾಳಿ ವಾಲ್ವ್ ಒತ್ತಿದಾಗ ನೀರು ಬಂದರೆ ಒಳಗಿನ ರಬ್ಬರ್ ಪರದೆ (ಡಯಾಫ್ರಂ) ಹರಿದಿದೆ. ತಣ್ಣಗಿದ್ದಾಗಲೂ ಏರುತ್ತಿದ್ದರೆ ಫಿಲ್ ಲೈನಿನ ಬಾಲ್ ವಾಲ್ವ್ ಮುಚ್ಚಿ. ಏರಿಕೆ ನಿಂತರೆ ಫಿಲ್ ವಾಲ್ವ್ ಕೆಟ್ಟಿದೆ. ನಿಲ್ಲದಿದ್ದರೆ ಇಂಡೈರೆಕ್ಟ್ ಟ್ಯಾಂಕಿನ ತಣ್ಣೀರಿನ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಿ. ಈಗ ನಿಂತರೆ ಕಾಯಿಲ್ ತೂತಾಗಿದೆ. ಸರಿಪಡಿಸುವ ತನಕ ಆ ಟ್ಯಾಂಕಿನ ನೀರನ್ನು ಬಳಸಬೇಡಿ.

ಆಲ್ಬನಿ_ಕನ್ನಡಿಗ
ಗ್ಲೈಕಾಲ್ ಕೈಬಿಟ್ಟೆ, 1012 ಹಾಕಿಸುತ್ತೇನೆ. ವೆಂಟಿನಿಂದ ಎಷ್ಟು ಹನಿ ಬಿದ್ದರೆ ಸಹಜ?

ಪೈಪ್_ಮೇಷ್ಟ್ರು
ಬೀದಿಯ ಒತ್ತಡ ಏರಿಳಿದಾಗ ನಾಲ್ಕಾರು ಹನಿ ಬಿದ್ದು ನಿಂತರೆ ಸರಿ. ಬಿಡದೆ ಬಿದ್ದರೆ ಹೆಚ್ಚಿನಂಶ ಸೀಟಿನಲ್ಲಿ ಕಸ. ಬಾಲ್ ವಾಲ್ವ್ ಮುಚ್ಚಿ ನೋಡಿ: ಒಳಗುಳಿದ ಸ್ವಲ್ಪ ನೀರು ಸುರಿದು ನಿಂತರೆ ಒಳಬರುವ ಕಡೆಯ ಸೀಟು. ನಿಲ್ಲದೆ ಬಾಯ್ಲರ್ ಗೇಜ್ ಕೂಡ ಇಳಿಯುತ್ತಿದ್ದರೆ ಬಾಯ್ಲರ್ ಕಡೆಯ ಚೆಕ್ ಸೋರುತ್ತಿದೆ, ಫಿಲ್ ವಾಲ್ವಿನ ಚೆಕ್ ಸಹ. ಸ್ಟ್ರೈನರ್ ತೊಳೆದು, ಪ್ರಿವೆಂಟರ್ ಬಿಚ್ಚಿ ಒರೆಸಿ ಕೂರಿಸಿ. ಆಗಲೂ ನಿಲ್ಲದಿದ್ದರೆ ಹೊಸದೇ ಹಾಕಿ. ಬಿಚ್ಚುವ ಮುನ್ನ ಬಾಯ್ಲರ್ ಆರಿಸಿ ತಣ್ಣಗಾಗಲು ಬಿಡಿ.